ತಿಂಗಳ ಲೆಕ್ಕ, ಸುಗ್ಗಿಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರು ಹೇಳಿಕೊಟ್ಟ ಮಾತು. ಸಂಸಾರದ ಜಮಾಖರ್ಚಿನ ಪ್ರಸ್ತಾಪ ಬಂದಲ್ಲೆಲ್ಲ ಈ ಗಾದೆ ಬಾಯಿಗೆ ಬರುತ್ತದೆ. ಕೈಗಡ ಕೇಳಲು ಬಂದವನನ್ನು ಬರಿಗೈಯಲ್ಲಿ ಕಳುಹಿಸುವಾಗಲಂತೂ ತಪ್ಪದೆ ಬರುತ್ತದೆ. ಗಾದೆ ಸುಳ್ಳಲ್ಲ. ಆದರೆ ಅದರೊಳಗೆ ಒಂದು ಕರಾರು ಅಡಗಿದೆ: ಹಾಸಿಗೆಯ ಉದ್ದ ವರ್ಷವಿಡೀ ಒಂದೇ ಆಗಿರಬೇಕು. ಮಾಘದಲ್ಲಿ ಆರು ಮೊಳವಿದ್ದು ಜ್ಯೇಷ್ಠದಲ್ಲಿ ಎರಡು ಮೊಳಕ್ಕೆ ಕುಗ್ಗುವ ಹಾಸಿಗೆಯ ಮೇಲೆ ಮಲಗುವವನು ಕಾಲನ್ನು ಎಲ್ಲಿಯವರೆಗೆ ಚಾಚಬೇಕೆಂಬುದನ್ನು ಗಾದೆ ಹೇಳುವುದಿಲ್ಲ.

ಮನುಷ್ಯರನ್ನು ಎರಡು ಗುಂಪಾಗಿ ವಿಂಗಡಿಸುವುದು ಲೋಕದ ರೂಢಿ. ಮುಂದಾಲೋಚನೆಯುಳ್ಳವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಮೊದಲಿನವರು ಡೈರಿ ಬರೆಯುತ್ತಾರೆ, ಪಾಸುಬುಕ್ಕು ಇಟ್ಟಿರುತ್ತಾರೆ, ಬಸ್ಸು ಹೊರಡುವ ಹತ್ತು ನಿಮಿಷ ಮೊದಲೇ ನಿಲ್ದಾಣದಲ್ಲಿರುತ್ತಾರೆ. ಎರಡನೆಯವರು ಬಂದದ್ದನ್ನು ಬಂದಾಗ ಖರ್ಚು ಮಾಡಿ, ಬೇಕಾದಾಗ ಸಾಲ ಮಾಡಿ, ಹಬ್ಬ ಬಂದಾಗ ಬೆಚ್ಚಿ ಬೀಳುತ್ತಾರೆ. ಇದೆಲ್ಲ ಹುಟ್ಟುಗುಣವೆಂದು ಹೇಳಿ ಮಾತು ಮುಗಿಸುವುದುಂಟು. ಆದರೆ ಗುಣವನ್ನು ದೂರುವ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಈತನ ಕೈಗೆ ದುಡ್ಡು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಬರುವ ದಿನ ಯಾವುದೆಂದು ಈತನಿಗೆ ಮೊದಲೇ ಗೊತ್ತಿರುತ್ತದೆಯೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಧಾರವಾಡ ತಾಲೂಕಿನ ಗರಗಕ್ಕಿಂತ ತಕ್ಕ ಊರು ಸಿಗಲಾರದು. ಧಾರವಾಡದಿಂದ ಬೆಳಗಾವಿಯ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಊರು ಅದು. ಮಡಿವಾಳೇಶ್ವರರ ಕಲ್ಮಠದಿಂದ ಸುತ್ತಲಿನ ಸೀಮೆಗೆ ಪರಿಚಿತವಾದದ್ದು. ರಾಷ್ಟ್ರಧ್ವಜದ ಖಾದಿಯಿಂದ ದೇಶಕ್ಕೇ ಪರಿಚಿತವಾದದ್ದು. ಸ್ವಾತಂತ್ರ್ಯ ಹೋರಾಟದಲ್ಲಿ ಪಾಲುಗೊಂಡ ಕೆಲವರು ಸೇರಿ ೧೯೫೪ರಲ್ಲಿ ಅಲ್ಲಿ ಕ್ಷೇತ್ರೀಯ ಸೇವಾ ಸಂಘದ ಖಾದಿ ಕೇಂದ್ರವನ್ನು ತೆರೆದರು. ತ್ರಿವರ್ಣ ಧ್ವಜಕ್ಕೆ ಬೇಕಾದ ಬಟ್ಟೆ ಅಲ್ಲಿಯ ಮಗ್ಗಗಳಲ್ಲಿ ತಯಾರಾಯಿತು. ಊರಿನ ಸುತ್ತ ಹೊಲ, ಊರೊಳಗೆ ಮಗ್ಗ, ಬಸ್ಸು ಹತ್ತಿದರೆ ಧಾರವಾಡದ ಕಚೇರಿಗಳು. ಬೆಳೆಯನ್ನು ನಂಬಿದವರು, ಕೈಕೆಲಸವನ್ನು ನಂಬಿದವರು, ಸಂಬಳವನ್ನು ನಂಬಿದವರು ಒಂದೇ ಊರಿನಲ್ಲಿ, ಎಷ್ಟೋ ಸಲ ಒಂದೇ ಮಾಡಿನ ಕೆಳಗೆ ಬಾಳುತ್ತಾರೆ.

ಅಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಣ್ಣ ಒಕ್ಕಲುತನ ಮಾಡುತ್ತಾನೆ. ತಮ್ಮ ಧಾರವಾಡದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ. ಅಣ್ಣನ ಹೆಂಡತಿ ಖಾದಿ ಕೇಂದ್ರದಲ್ಲಿ ನೇಯುತ್ತಾಳೆ. ಅವರ ಮಗಳು ಹತ್ತನೆಯ ತರಗತಿಯನ್ನು ಚೆನ್ನಾಗಿ ಪಾಸು ಮಾಡಿದ್ದಾಳೆ. ಮುಂದೆ ಧಾರವಾಡದಲ್ಲಿ ಪದವಿಪೂರ್ವ ಕಾಲೇಜು ಸೇರಬೇಕು. ಜೂನ್ ತಿಂಗಳು. ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಒಮ್ಮೆಲೆ ಎದುರು ನಿಂತಿವೆ. ಅದೇ ವಾರ ಮೃಗಶಿರ ಮಳೆ ಹಿಡಿದು ಹೊಲ ಹದಕ್ಕೆ ಬಂದಿದೆ. ಬೀಜ, ಗೊಬ್ಬರ, ಆಳಿನ ಕೂಲಿಗಾಗಿ ಅಣ್ಣನ ಕೈಯಲ್ಲಿದ್ದ ಕೊನೆಯ ರೂಪಾಯಿಯೂ ಮಣ್ಣಿಗೆ ಸೇರಿದೆ.

ಅಣ್ಣ ತಮ್ಮನ ಮುಂದೆ ಮಾತು ತೆಗೆಯುತ್ತಾನೆ. ತಮ್ಮನಿಗೂ ಬೇಸರ.

"ತಿಂಗಳಾ ತಿಂಗಳಾ ಒಂದೀಟ ತಗದ ಇಟ್ಟಿದ್ರ ಈ ಹೊತ್ತ ಈ ಪ್ರಸಂಗ ಬರತಿತ್ತೇನಣ್ಣಾ? ಹುಡುಗಿ ಕಾಲೇಜಿಗೆ ಹೋಗೂದು ನಿನ್ನೆ ಮೊನ್ನೆ ಗೊತ್ತಾದ ಮಾತಲ್ಲ."

"ತಿಂಗಳಾ ತಿಂಗಳಾ ಬರೂದು ನಿನಗಪಾ ತಮ್ಮಾ. ನನ್ನ ಹೊಲಕ್ಕ ಒಂದನೇ ತಾರೀಖು ಅನ್ನೂದ ಗೊತ್ತಿಲ್ಲ. ಈ ವರ್ಷ ಮನ್ಯಾಗ ಇರಲಿ ಬಿಡು, ಮುಂದಿನ ವರ್ಷ ನೋಡೂಣು."

ಈ ಎರಡು ಮಾತುಗಳ ನಡುವೆ ಒಂದು ಹುಡುಗಿಯ ಓದು ನಿಂತಿದೆ. ಮನೆಯಲ್ಲಿ ಒಂದು ವರ್ಷ ಉಳಿದ ಹುಡುಗಿ ಮರುವರ್ಷ ಕಾಲೇಜಿನ ಬಸ್ಸು ಹತ್ತುವುದು ಎಷ್ಟು ಕಷ್ಟವೆಂಬುದನ್ನು ಹಳ್ಳಿಯನ್ನು ಬಲ್ಲ ಓದುಗರಿಗೆ ಹೇಳಬೇಕಾಗಿಲ್ಲ.

ತಮ್ಮನ ದೃಷ್ಟಿಯಲ್ಲಿ ಅಣ್ಣ ಯೋಜನೆಯಿಲ್ಲದವನು. ಆದರೆ ಅಣ್ಣನ ವರ್ಷವನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಅವನ ಪಂಚಾಂಗದಲ್ಲಿ ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯ ನಕ್ಷತ್ರ. ರೋಹಿಣಿಗೆ ಯಾವುದನ್ನು ಬಿತ್ತಬೇಕು, ಆರಿದ್ರೆಯವರೆಗೆ ಯಾವುದಕ್ಕೆ ಕಾಯಬಹುದು, ಯಾವ ಮಳೆ ತಪ್ಪಿದರೆ ಬೀಜವನ್ನೇ ಬದಲಿಸಬೇಕು ಎಂಬುದೆಲ್ಲ ಅವನ ತಲೆಯಲ್ಲಿದೆ. ಮುಂಗಾರಿಗೆ ಹೆಸರು, ಸೋಯಾ. ಹಿಂಗಾರಿಗೆ ಕಡಲೆ, ಜೋಳ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲೆಂದು ಹೊಲವನ್ನು ಪಾಲು ಮಾಡಿ ಬಿತ್ತುತ್ತಾನೆ. ಇದು ಯೋಜನೆಯಲ್ಲದೆ ಮತ್ತೇನು? ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮುಂಗಾರಿನ ಫಸಲು, ಫೆಬ್ರವರಿ ಮಾರ್ಚಿಗೆ ಹಿಂಗಾರಿನ ರಾಶಿ ಮಾರಾಟವಾದಾಗ ಅವನ ಕೈಯಲ್ಲಿ ದುಡ್ಡು ಆಡುತ್ತದೆ. ಜೂನಿನಲ್ಲಿ ಆಡುವುದಿಲ್ಲ. ಶಾಲಾಕಾಲೇಜುಗಳು ತೆರೆಯುವುದು ಮಾತ್ರ ಜೂನಿನಲ್ಲಿಯೇ.

ಹಿಂದಿನ ಕಾಲದ ಒಕ್ಕಲಿಗನಿಗೆ ಇಂತಹ ಪೇಚು ಇಷ್ಟಿರಲಿಲ್ಲ. ಅದಕ್ಕೆ ಕಾರಣವೂ ಉಂಟು. ಅವನ ಉಳಿತಾಯ ಕಾಳಿನಲ್ಲಿತ್ತು, ಖರ್ಚೂ ಬಹುಮಟ್ಟಿಗೆ ಕಾಳಿನಲ್ಲೇ ಇತ್ತು. ಸುಗ್ಗಿ ಮುಗಿದೊಡನೆ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದ. ಮಳೆಗಾಲದಲ್ಲಿ ಬೇಕಾದಂತೆ ತೆಗೆಯುತ್ತಿದ್ದ. ಬಡಿಗ, ಕಮ್ಮಾರ, ಕುಂಬಾರರಿಗೆ ವರ್ಷಕ್ಕೊಮ್ಮೆ ಕಣದಲ್ಲೇ ಆಯ ಅಳೆದು ಕೊಡುತ್ತಿದ್ದ. ಆದಾಯವೂ ಸುಗ್ಗಿಗೆ, ಬಾಕಿ ತೀರುವುದೂ ಸುಗ್ಗಿಗೆ. ಎರಡೂ ಒಂದೇ ತಾಳಕ್ಕೆ ನಡೆಯುತ್ತಿದ್ದವು. ಈಗ ಖರ್ಚು ಪಟ್ಟಣದ ತಾಳ ಹಿಡಿದಿದೆ. ವಿದ್ಯುತ್ತಿನ ಬಿಲ್ಲು ತಿಂಗಳಿಗೊಮ್ಮೆ, ಮೊಬೈಲಿನ ಹಣ ತಿಂಗಳಿಗೊಮ್ಮೆ, ಶುಲ್ಕ ಜೂನಿಗೆ. ಆದಾಯ ಮಾತ್ರ ಹಳೆಯ ತಾಳದಲ್ಲೇ ಉಳಿದಿದೆ. ಹಗೇವಿನಲ್ಲಿ ಜೋಳ ಕಾಯ್ದಿಡಬಹುದು. ಸೋಯಾ ಮಾರಿ ಬಂದ ನೋಟುಗಳಿಗೆ ಹಗೇವಿಲ್ಲ.

ಗುಮಾಸ್ತನಾದ ತಮ್ಮನ ಮುಂದಾಲೋಚನೆಯನ್ನೂ ತುಸು ಪರೀಕ್ಷಿಸಬೇಕು. ಅವನು ಅಚ್ಚುಕಟ್ಟಾದ ಮನುಷ್ಯ, ಸಂಶಯವಿಲ್ಲ. ದಿನಸಿಗಿಷ್ಟು, ಹಾಲಿಗಿಷ್ಟು, ವಿಮೆಯ ಕಂತಿಗಿಷ್ಟು ಎಂದು ಒಂದನೆಯ ತಾರೀಖಿನಂದೇ ಪಾಲು ಹಾಕುತ್ತಾನೆ. ಆದರೆ ಹೀಗೆ ಪಾಲು ಹಾಕುವ ಸಾಮರ್ಥ್ಯದ ಅರ್ಧ ಪಾಲು ಅವನದಲ್ಲ, ಅವನ ಸಂಬಳದ ತಾರೀಖಿನದು. ಭವಿಷ್ಯನಿಧಿಯ ಹಣವಂತೂ ಅವನ ಕೈಗೆ ಬರುವ ಮೊದಲೇ ಕಡಿತವಾಗಿ ಹೋಗುತ್ತದೆ. ಉಳಿಸುವ ಕೆಲಸವನ್ನು ಅವನ ಪರವಾಗಿ ಕಚೇರಿಯೇ ಮಾಡುತ್ತದೆ. ಇದೇ ಮನುಷ್ಯನಿಗೆ ಹನ್ನೆರಡು ತಿಂಗಳ ಸಂಬಳವನ್ನು ಎರಡು ಗಂಟು ಮಾಡಿ, ಯಾವ ದಿನ, ಎಷ್ಟು ಎಂಬುದನ್ನು ಹೇಳದೆ ಕೊಟ್ಟು ನೋಡಬೇಕು. ಅಚ್ಚುಕಟ್ಟು ಎಷ್ಟು ದಿನ ಉಳಿದೀತು? ತಿಂಗಳ ಇಪ್ಪತ್ತೈದರ ಹೊತ್ತಿಗೆ ಅವನೂ ಸಹೋದ್ಯೋಗಿಯ ಮೇಜಿನ ಬಳಿ ಸುಳಿದಾಡಿ ಐನೂರು ರೂಪಾಯಿ ಕೈಗಡ ಪಡೆಯುವುದುಂಟು. ಆದರೆ ಅದನ್ನು ಯಾರೂ ಯೋಜನೆಯಿಲ್ಲದ ಬಾಳೆನ್ನುವುದಿಲ್ಲ. ‘ತಿಂಗಳ ಕೊನೆ’ ಎನ್ನುತ್ತಾರೆ. ಒಕ್ಕಲಿಗನ ಜೂನ್ ತಿಂಗಳೆಂದರೆ ಅವನ ವರ್ಷದ ‘ತಿಂಗಳ ಕೊನೆ’. ಗುಮಾಸ್ತನದು ಐದು ದಿನದ್ದು, ಒಕ್ಕಲಿಗನದು ಮೂರು ನಾಲ್ಕು ತಿಂಗಳದ್ದು.

ಇದು ಬರಿಯ ಊಹೆಯಲ್ಲ. ತಮಿಳುನಾಡಿನ ಕಬ್ಬು ಬೆಳೆಗಾರರಲ್ಲಿ ನಡೆಸಿದ ಒಂದು ಅಧ್ಯಯನ ೨೦೧೩ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್ ಮೊದಲಾದ ವಿದ್ವಾಂಸರು ೪೬೪ ರೈತರಿಗೆ ಕಟಾವಿನ ಮೊದಲೊಮ್ಮೆ, ಕಟಾವಿನ ಹಣ ಬಂದ ಮೇಲೊಮ್ಮೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ರೈತ ಅವನೇ, ಊರು ಅದೇ, ಪರೀಕ್ಷೆಯೂ ಅದೇ ಬಗೆಯದು. ಆದರೂ ಕೈ ಬಿಗಿಯಾಗಿದ್ದಾಗ ತಪ್ಪುಗಳು ಹೆಚ್ಚು, ಕೈ ಸಡಿಲವಾದ ಮೇಲೆ ಕಡಿಮೆ. ಹಣದ ಚಿಂತೆಯೇ ಮನಸ್ಸಿನ ಒಂದು ಪಾಲನ್ನು ಆಕ್ರಮಿಸಿಕೊಂಡಾಗ ಉಳಿದ ಆಲೋಚನೆಗೆ ಎಡೆ ಕಡಿಮೆಯಾಗುತ್ತದೆಂಬುದು ಅವರು ತಲುಪಿದ ತೀರ್ಮಾನ. ಇದನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ಅಮೆರಿಕದ ಕಡಿಮೆ ವರಮಾನದ ಸಂಸಾರಗಳಲ್ಲಿ ಸಂಬಳದ ದಿನಕ್ಕೆ ಮೊದಲು ಮತ್ತು ಅನಂತರ ನಡೆದ ಪರೀಕ್ಷೆಗಳ ವರದಿ ೨೦೧೬ರಲ್ಲಿ ಹೊರಬಂದಿತು. ಅಲ್ಲಿ ಅಂತಹ ಭೇದ ತೋರಿಬರಲಿಲ್ಲ. ಎರಡು ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಒಂದು ಅಂಶ ಮನಸ್ಸಿಗೆ ಹೊಳೆಯದಿರದು. ಕೆಲವು ದಿನಗಳ ಬಿಗಿಯನ್ನು ಮನುಷ್ಯ ಹೇಗೋ ದಾಟುತ್ತಾನೆ. ತಿಂಗಳುಗಟ್ಟಲೆಯ ಬಿಗಿ ಬೇರೆಯ ಮಾತು.

ಇನ್ನು ಅಣ್ಣನ ಹೆಂಡತಿ. ಈ ಜಗಳದಲ್ಲಿ ಇದುವರೆಗೆ ಯಾರೂ ಅವಳನ್ನು ಮಾತನಾಡಿಸಿಲ್ಲ. ಖಾದಿಯ ಕೆಲಸದಲ್ಲಿ ಕೂಲಿ ಕೈಕೆಲಸದ ಅಳತೆಯ ಮೇಲೆ: ನೂಲುವವರಿಗೆ ಲಡಿಯ ಲೆಕ್ಕ, ನೇಯುವವರಿಗೆ ಮೀಟರಿನ ಲೆಕ್ಕ. ಒಂದು ಲಡಿಯೆಂದರೆ ಸಾವಿರ ಮೀಟರು ನೂಲು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ೨೦೨೪ರ ಅಕ್ಟೋಬರ್ ೨ರಿಂದ ಲಡಿಯೊಂದರ ಕೂಲಿಯನ್ನು ೧೦ ರೂಪಾಯಿಯಿಂದ ೧೨ ರೂಪಾಯಿ ೫೦ ಪೈಸೆಗೆ ಏರಿಸಿತು. ಆ ದರದಲ್ಲಿ ೨೦ ಲಡಿ ನೂತರೆ ೨೫೦ ರೂಪಾಯಿ. ನೂತಷ್ಟು, ನೆಯ್ದಷ್ಟು ಹಣ. ಕೈ ನಿಂತರೆ ಹಣವೂ ನಿಂತಿತು.

ಆದುದರಿಂದ ಈ ಮನೆಯಲ್ಲಿ ಒಂದು ದಿನಕ್ಕೆ ಮೂರು ಬೆಲೆ. ಸೋದರಮಾವನ ಮಗಳ ಮದುವೆಗೆ ಎಲ್ಲರೂ ಒಂದು ದಿನ ಹೋಗಿಬರಬೇಕೆನ್ನಿ. ಗುಮಾಸ್ತ ರಜೆಯ ಅರ್ಜಿ ಬರೆದುಕೊಟ್ಟು ಹೊರಡುತ್ತಾನೆ. ಸಂಬಳ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಒಕ್ಕಲಿಗನಿಗೆ ಆ ಮದುವೆ ವೈಶಾಖದಲ್ಲಿದ್ದರೆ ಖರ್ಚೇ ಇಲ್ಲ. ಹೊಲ ಹದಕ್ಕೆ ಬಂದ ದಿನವೇ ಇದ್ದರೆ ಒಂದು ಬೆಳೆಯೇ ಹೋದೀತು. ಕೂರಿಗೆ ಹೂಡುವ ದಿನ ಹೋಗದೆ ಉಳಿದವನನ್ನು ಬೀಗರು ‘ಹಮ್ಮಿನವ’ ಎಂದರೂ ಅವನು ಹೋಗಲಾರ. ನೇಯುವವಳಿಗೆ ಯಾವ ತಿಂಗಳಾದರೂ ಒಂದೇ: ಆ ದಿನದ ಮೀಟರುಗಳಷ್ಟು ನಷ್ಟ. ಮೂವರೂ ಮದುವೆಗೆ ಒಂದೇ ಉಡುಗೊರೆ ಒಯ್ದರೂ ಮೂವರೂ ತೆತ್ತ ಬೆಲೆ ಒಂದೇ ಅಲ್ಲ.

ಅವಳ ಉಳಿತಾಯದ ರೀತಿಯೂ ಬೇರೆ. ದುಡ್ಡನ್ನು ಅವಳು ಮನೆಯಲ್ಲಿಡುವುದಿಲ್ಲ. ಪಕ್ಕದ ಮಗ್ಗದವಳು ಏಕೆಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿದೆ: "ನನ್ನ ರೊಕ್ಕ ಮನ್ಯಾಗ ಇದ್ರ ಅದು ನನ್ನ ರೊಕ್ಕ ಅಲ್ಲಬೇ ಅಕ್ಕಾ, ಯಾರ ಮೊದಲ ಕೇಳತಾರ ಅವರದ." ಹೀಗಾಗಿ ಬಂದದ್ದರಲ್ಲಿ ಇಷ್ಟೆಂದು ತೆಗೆದು ಪಿಗ್ಮಿಗೆ ಕಟ್ಟುತ್ತಾಳೆ. ಕೊಡಲಾರೆನೆಂದು ಬಂಧುಗಳ ಮುಖಕ್ಕೆ ಹೇಳಲಾಗದವಳು ‘ಪಿಗ್ಮಿಗೆ ಹೋಯಿತು’ ಎಂದು ಹೇಳಬಲ್ಲಳು. ಉಳಿತಾಯಕ್ಕೆ ಬೇಕಾದದ್ದು ದೃಢಮನಸ್ಸೊಂದೇ ಅಲ್ಲ, ದಾಕ್ಷಿಣ್ಯವನ್ನು ತಡೆಯುವ ಒಂದು ಬೀಗವೂ ಹೌದು.

ಈ ಪಿಗ್ಮಿಯ ಹುಟ್ಟೂ ಕನ್ನಡ ನಾಡಿನಲ್ಲಿಯೇ, ಅದೂ ನೇಕಾರರ ನೆರಳಿನಲ್ಲಿ. ಕೈಮಗ್ಗದ ಕಸಬು ಕೆಟ್ಟು ಕಂಗಾಲಾಗಿದ್ದ ನೇಕಾರರಿಗೆ ನೆರವಾಗಲೆಂದು ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಅವರು ಉಡುಪಿಯಲ್ಲಿ ೮,೦೦೦ ರೂಪಾಯಿ ಬಂಡವಾಳದಿಂದ ಒಂದು ಸಂಸ್ಥೆಯನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಅದೇ. ಆ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟನೇ ಮನೆಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದ. ದಿನಗೂಲಿಯವನಿಗೆ ತಿಂಗಳ ಉಳಿತಾಯದ ಉಪದೇಶ ಮಾಡುವ ಬದಲು ದಿನದ ಉಳಿತಾಯಕ್ಕೆ ದಾರಿ ಮಾಡಿಕೊಟ್ಟದ್ದು ಅದರ ವಿಶೇಷ. ಮನುಷ್ಯನನ್ನು ಬದಲಿಸಲು ಹೊರಡಲಿಲ್ಲ. ಅವನ ಆದಾಯದ ತಾಳಕ್ಕೆ ಬ್ಯಾಂಕೇ ಹೆಜ್ಜೆ ಹಾಕಿತು.

ಒಕ್ಕಲಿಗನ ತಾಳಕ್ಕೂ ಹೀಗೆ ಹೆಜ್ಜೆ ಹಾಕಿದವರುಂಟು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಬಿತ್ತನೆಗೆ ಸಾಲ, ಬೆಳೆ ಬಂದ ಮೇಲೆ ಮರುಪಾವತಿ ಎಂಬ ಬೆಳೆಸಾಲದ ಕ್ರಮವು ಸಹಕಾರ ಸಂಘಗಳ ಮೂಲಕ ನಾಡಿನಲ್ಲೆಲ್ಲ ಬೇರೂರಿದೆ. ವಾಯಿದೆಯನ್ನು ಕ್ಯಾಲೆಂಡರಿಗಲ್ಲ, ಕಣಕ್ಕೆ ಹೊಂದಿಸಿದ್ದೇ ಅದರ ಸತ್ತ್ವ.

ಹೊಸ ಕಾಲದ ಸರಕಾರಿ ನೆರವುಗಳಿಗೂ ಒಂದೊಂದು ತಾಳವಿದೆ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯನ್ನು ೨೦೧೯ರಲ್ಲಿ ಆರಂಭಿಸಿದಾಗ ವರ್ಷಕ್ಕೆ ೬,೦೦೦ ರೂಪಾಯಿಯನ್ನು ನಾಲ್ಕು ತಿಂಗಳಿಗೊಂದು ಕಂತಿನಂತೆ ಗೊತ್ತುಪಡಿಸಲಾಯಿತು. ರಾಜ್ಯದ ಗೃಹಲಕ್ಷ್ಮಿ ಯೋಜನೆ ೨೦೨೩ರ ಆಗಸ್ಟಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ಎಂದು ಆರಂಭವಾಯಿತು. ಸಂಬಳವನ್ನು ಕಾಣದ ಎಷ್ಟೋ ಮನೆಗಳಿಗೆ ತಿಂಗಳ ಲೆಕ್ಕ ಕಾಲಿಟ್ಟದ್ದು ಆಗಲೇ. ಇಂತಹ ಹಣದಲ್ಲಿ ಮೊತ್ತದಷ್ಟೇ ಮುಖ್ಯವಾದದ್ದು ತಾರೀಖು. ಇಂದು ಬಂದೀತೋ ಬರುವ ತಿಂಗಳು ಬಂದೀತೋ ಎಂಬ ಹಣವನ್ನು ನೆಚ್ಚಿ ಯಾವ ಗೃಹಿಣಿಯೂ ಅಂಗಡಿಯ ಉದ್ರಿ ತೀರಿಸುವ ಮಾತು ಕೊಡಲಾರಳು.

ತಾರೀಖು ಬೇರೆಯವರ ಕೈಯಲ್ಲಿದ್ದಾಗ ಎಂತಹ ಯೋಜಕನಾದರೂ ತತ್ತರಿಸುತ್ತಾನೆಂಬುದಕ್ಕೆ ಖಾದಿಯೇ ನಿದರ್ಶನ. ಧ್ವಜಕ್ಕೆ ಬೇಡಿಕೆ ಆಗಸ್ಟ್ ೧೫ ಮತ್ತು ಜನವರಿ ೨೬ರ ಮುನ್ನಿನ ವಾರಗಳಲ್ಲಿ. ನೂಲು ಮಗ್ಗಗಳ ಕೂಲಿ ಮಾತ್ರ ವರ್ಷವಿಡೀ. ಧ್ವಜ ಕೈಯಿಂದ ನೂತು ನೆಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮವನ್ನು ನಂಬಿ ಖಾದಿ ಸಂಸ್ಥೆಗಳು ಈ ಹೊಂದಾಣಿಕೆಯನ್ನು ಸಾಗಿಸಿಕೊಂಡು ಬಂದಿದ್ದವು. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅವಕಾಶ ದೊರೆಯಿತು. ಮರುವರ್ಷ ಮನೆಮನೆಯಲ್ಲಿ ತಿರಂಗಾ ಹಾರಿಸುವ ಕರೆ ಬಂದಾಗ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೆಲಸಗಾರರು ಈ ತಿದ್ದುಪಡಿಯ ವಿರುದ್ಧ ಪ್ರತಿಭಟಿಸಿದರು. ನಿಯಮ ಬದಲಾಗುವುದು ದೂರದ ದೆಹಲಿಯಲ್ಲಿ. ಲೆಕ್ಕ ತಪ್ಪುವುದು ಮಗ್ಗದ ಮುಂದೆ ಕುಳಿತವರ ಮನೆಯಲ್ಲಿ.

ಹಾಗಾದರೆ ಸ್ವಭಾವವೆಂಬುದು ಏನೂ ಅಲ್ಲವೆ? ಹಾಗೆ ಹೇಳುವುದೂ ತಪ್ಪಾದೀತು. ಒಂದೇ ಸಂಬಳದ ಇಬ್ಬರು ಗುಮಾಸ್ತರಲ್ಲಿ ಒಬ್ಬ ಉಳಿಸುತ್ತಾನೆ, ಇನ್ನೊಬ್ಬ ಸಾಲಗಾರನಾಗುತ್ತಾನೆ. ಒಂದೇ ಮಳೆ ಬಿದ್ದ ಎರಡು ಹೊಲಗಳ ಒಡೆಯರಲ್ಲಿ ಒಬ್ಬ ಸುಗ್ಗಿಯ ದುಡ್ಡನ್ನು ಜೂನಿನವರೆಗೆ ಕಾಯುತ್ತಾನೆ, ಇನ್ನೊಬ್ಬ ಜಾತ್ರೆಯಲ್ಲೇ ಕರಗಿಸುತ್ತಾನೆ. ಜೂಜು, ಕುಡಿತ, ನೆರೆಯವನಿಗಿಂತ ಮಿಗಿಲಾಗಿ ಮದುವೆ ಮಾಡುವ ಹಟ ಇವೆಲ್ಲ ಯಾವ ತಾಳಕ್ಕೂ ಸೇರಿದ ದೋಷಗಳಲ್ಲ. ಆದರೆ ಗುಣದೋಷದ ತೂಕ ಮಾಡುವವನು ಸಮಾನರನ್ನು ತಕ್ಕಡಿಯ ಎರಡು ಕಡೆ ಇಡಬೇಕು. ಒಕ್ಕಲಿಗನನ್ನು ಒಕ್ಕಲಿಗನೊಡನೆ, ದಿನಗೂಲಿಯವನನ್ನು ದಿನಗೂಲಿಯವನೊಡನೆ ತೂಗಬೇಕು. ತಮ್ಮ ಅಣ್ಣನನ್ನು ತನ್ನೊಡನೆ ತೂಗಿದ; ಅಲ್ಲಿಯೇ ಅವನ ಲೆಕ್ಕ ತಪ್ಪಿದ್ದು.

ಕಲ್ಪನೆಯ ಆ ಮನೆಯಲ್ಲಿ ಹುಡುಗಿಯ ಶುಲ್ಕವನ್ನು ಕಟ್ಟುವವಳು ತಾಯಿ. ಪಿಗ್ಮಿಯನ್ನು ಅವಧಿಗೆ ಮೊದಲೇ ಮುರಿದು, ಬಡ್ಡಿಯನ್ನು ಕಳೆದುಕೊಂಡು ಕಟ್ಟುತ್ತಾಳೆ. ಆ ವರ್ಷಕ್ಕೆ ಅದು ಪರಿಹಾರವಾಯಿತು; ಪದ್ಧತಿಯಾಗಲಾರದು. ಪದ್ಧತಿಯಾಗಬೇಕಾದರೆ ಮೂವರೂ ಒಂದು ಸಂಜೆ ಕುಳಿತು ಹನ್ನೆರಡು ತಿಂಗಳ ಹೆಸರನ್ನು ಒಂದೇ ಹಾಳೆಯಲ್ಲಿ ಬರೆದು, ಯಾವ ತಿಂಗಳು ಯಾರ ಕೈಗೆ ಹಣ ಬರುತ್ತದೆ, ಯಾವ ತಿಂಗಳು ಯಾವ ಖರ್ಚು ಎದುರಾಗುತ್ತದೆ ಎಂದು ಗುರುತು ಹಾಕಬೇಕು. ಆಗ ಜೂನಿನ ಶುಲ್ಕವು ಅಕ್ಟೋಬರಿನ ಸೋಯಾದ ಮೇಲೆ ಬೀಳಬೇಕಾದ ಖರ್ಚೆಂಬುದು ತಾನಾಗಿ ತಿಳಿಯುತ್ತದೆ. ಮಾರಿದ ವಾರದಲ್ಲೇ ಅಷ್ಟು ಹಣವನ್ನು ಜೂನಿಗೆ ಮುಗಿಯುವ ಠೇವಣಿಯಲ್ಲಿ ಇಡಬಹುದು. ನಿತ್ಯದ ದಿನಸಿ, ಹಾಲು, ಬಿಲ್ಲುಗಳು ಗುಮಾಸ್ತನ ಸಂಬಳಕ್ಕೆ ಒಪ್ಪುತ್ತವೆ. ಕಾಯಿಲೆ ಕಸಾಲೆಯಂತಹ ಅನಿರೀಕ್ಷಿತಕ್ಕೆ ತಾಯಿಯ ಪಿಗ್ಮಿ ಉಳಿಯುತ್ತದೆ. ಅಣ್ಣನ ಅಭಿಮಾನಕ್ಕೂ ಕುಂದಿಲ್ಲ, ತಮ್ಮನ ಮೇಲೂ ಅತಿಭಾರವಿಲ್ಲ. ಮೂರು ತಾಳಗಳಿರುವ ಮನೆ ಒಂದೇ ತಾಳದ ಮನೆಗಿಂತ ಬಡವಲ್ಲ. ಒಂದು ನಿಂತಾಗ ಇನ್ನೊಂದು ನಡೆಯುತ್ತಿರುತ್ತದೆ.

ಪಟ್ಟಣದ ಸಂಬಳದ ಮನೆಗಳಿಗೂ ಇದರಲ್ಲಿ ಕಲಿಯುವುದಿದೆ. ಮನೆಗೆಲಸದಾಕೆ ತಿಂಗಳ ನಡುವೆ ಮುಂಗಡ ಕೇಳುತ್ತಾಳೆ. ಊರಿನಿಂದ ಬಂದ ದಾಯಾದಿ ಮಳೆಗಾಲದಲ್ಲೇ ಸಾಲದ ಮಾತು ತೆಗೆಯುತ್ತಾನೆ. ರಿಕ್ಷಾ ನಡೆಸುವವನು ಮಗುವಿನ ಶುಲ್ಕವನ್ನು ನಾಲ್ಕು ಸಲವಾಗಿ ಕಟ್ಟಲು ಅನುಮತಿ ಬೇಡುತ್ತಾನೆ. ಆಗ ಗಾದೆಯನ್ನು ಹೇಳುವ ಮೊದಲು ಒಂದು ಪ್ರಶ್ನೆಯನ್ನು ಕೇಳಿದರೆ ಒಳ್ಳೆಯದು: ನಿಮ್ಮ ಕೈಗೆ ದುಡ್ಡು ಬರುವುದು ಯಾವಾಗ? ಉತ್ತರವನ್ನು ಕೇಳಿಕೊಂಡು ವಾಯಿದೆಯನ್ನು ಆ ದಿನಕ್ಕೆ ಗೊತ್ತುಪಡಿಸಿದರೆ, ಕೊಟ್ಟ ಹಣ ಹಿಂದಿರುಗಿ ಬರುವ ಸಂಭವ ಹೆಚ್ಚು. ಕೊಟ್ಟವರ ಮತ್ತು ಪಡೆದವರ ನಡುವಿನ ಮಾತು ಕೆಡದೆ ಉಳಿಯುವ ಸಂಭವ ಅದಕ್ಕಿಂತಲೂ ಹೆಚ್ಚು.